ಶಾಕ್ ತಗುಲದ ಮೀನೂ ಕಪ್ಪು ಕಡೆಗೆ ಹೋಗುತ್ತಿಲ್ಲ. ಇದು ಕಲಿಕೆಯಾ, ಆತಂಕವಾ?

ಪಟ್ಟೆಮೀನು (ಪ್ರಶ್ನೆ ಹಾಕಿದವರು)

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಎಂಎಸ್ಸಿ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಜೀಬ್ರಾ ಮೀನು ತೆಗೆದುಕೊಂಡಿದ್ದೇನೆ. ಅಕ್ವೇರಿಯಂ ಅಂಗಡಿಯಲ್ಲಿ ಜೀಬ್ರಾ ಡ್ಯಾನಿಯೊ ಅಂತ ಕೊಡುತ್ತಾರಲ್ಲ, ಮೈಮೇಲೆ ನೀಲಿ ಪಟ್ಟೆ ಇರುವ, ಅರ್ಧ ಬೆರಳಿನಷ್ಟು ಉದ್ದದ ಮೀನು, ಅದೇ.

ಪ್ರಯೋಗ ಹೀಗಿದೆ. ಒಂದು ಗಾಜಿನ ತೊಟ್ಟಿ. ಅರ್ಧ ಬಿಳಿ, ಅರ್ಧ ಕಪ್ಪು. ನಡುವೆ ಮೇಲಕ್ಕೆ ಎತ್ತುವ ಬಾಗಿಲು. ಬೆಳೆದ ಜೀಬ್ರಾ ಮೀನಿಗೆ ಕತ್ತಲೆ ಇಷ್ಟ. ಬಿಳಿ ಕಡೆ ಬಿಟ್ಟು ಬಾಗಿಲು ಎತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಕಪ್ಪು ಕಡೆಗೆ ಹೋಗಿಬಿಡುತ್ತದೆ. ಹೋದ ತಕ್ಷಣ ನೀರಿನಲ್ಲಿ ಕೆಲವೇ ಸೆಕೆಂಡು ಸಣ್ಣ ಶಾಕ್. ಮರುದಿನ ಮತ್ತೆ ಬಿಳಿ ಕಡೆ ಬಿಡುತ್ತೇವೆ, ಆದರೆ ಶಾಕ್ ಇರುವುದಿಲ್ಲ. ದಾಟಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅಂತ ಅಳೆಯಬೇಕು. ಜಾಸ್ತಿ ಹೊತ್ತು ಹಿಡಿದರೆ ನಿನ್ನೆಯ ಪೆಟ್ಟು ನೆನಪಿದೆ ಅಂತ ಅರ್ಥ.

ನನ್ನ ಮೀನುಗಳು ಮರುದಿನ ದಾಟಲೇ ಇಲ್ಲ. ತುಂಬಾ ಖುಷಿಯಾಯಿತು. ಆದರೆ ಹೋಲಿಕೆಗೆ ಅಂತ ಶಾಕ್ ಕೊಡದೆ ಸುಮ್ನೆ ತೊಟ್ಟಿಯಲ್ಲಿ ಬಿಟ್ಟು ತೆಗೆದ ಮೀನುಗಳೂ ದಾಟಲಿಲ್ಲ! ಗೈಡ್ ಹತ್ತಿರ ಹೇಳಿದರೆ "ಹಾಗಾದರೆ ಆತಂಕ ಅಂತ ಬರಿ" ಅನ್ನುತ್ತಾರೆ. ನನ್ನ ಶೀರ್ಷಿಕೆಯಲ್ಲಿ ಇರುವುದು "ತಪ್ಪಿಸಿಕೊಳ್ಳುವ ಕಲಿಕೆ". ಎರಡೂ ಬೇರೆ ಬೇರೆ ಅಲ್ವಾ? 3 ವಾರದಲ್ಲಿ ರಿಪೋರ್ಟ್ ಕೊಡಬೇಕು. ಎಲ್ಲಿ ತಪ್ಪಾಗಿದೆ, ದಯವಿಟ್ಟು ಹೇಳಿ.

ಹನುಮಂತನಗರ

ಮೀನಿಗೆ ನೆನಪು ಇರುವುದೇ 3 ಸೆಕೆಂಡು ಅಂತಾರಲ್ಲ? ಮರುದಿನದವರೆಗೆ ಹೇಗೆ ಇರುತ್ತದೆ?

ತೊಟ್ಟಿ ಮುಂದೆ ಕೂತವನು

ಆ 3 ಸೆಕೆಂಡಿನ ಮಾತು ಯಾರು ಹಬ್ಬಿಸಿದರೋ. ನಮ್ಮ ಮನೆಗೆ ಬನ್ನಿ, ತೋರಿಸುತ್ತೇನೆ. ನನ್ನ ಹತ್ತಿರ 14 ಜೀಬ್ರಾ ಇವೆ. ಊಟದ ಚಮಚ ಕೈಯಲ್ಲಿ ಹಿಡಿದು ಹೋದರೆ ಅಷ್ಟೂ ಮೇಲೆ ಬಂದು ಬಾಯಿ ತೆರೆಯುತ್ತವೆ. ಅದೇ ಕೈಯಲ್ಲಿ ಹಸಿರು ಬಲೆ ಹಿಡಿದು ಹೋದರೆ ನೀರಿಗೆ ಇಳಿಸುವ ಮೊದಲೇ ತಳಕ್ಕೆ ಹೋಗಿ ಗಿಡದ ಹಿಂದೆ ಗುಂಪಾಗುತ್ತವೆ. ಹೋದ ವರ್ಷ ಮನೆ ಬದಲಿಸುವಾಗ ಎಲ್ಲವನ್ನೂ ಆ ಬಲೆಯಲ್ಲಿ ಹಿಡಿದಿದ್ದೆ. ಆಮೇಲೆ ತಿಂಗಳುಗಟ್ಟಲೆ ಬಲೆ ಮುಟ್ಟಿರಲಿಲ್ಲ. ಆದರೂ ಮರೆತಿರಲಿಲ್ಲ. ಬಿಳಿ ಬಲೆ ತಂದರೆ ಅಷ್ಟು ಹೆದರಲಿಲ್ಲ. ಇದು ನಾನು ಕಣ್ಣಾರೆ ನೋಡಿದ್ದು.

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು

ಸರಿಯಾಗಿ ಹೇಳಿದಿರಿ. ನಾವು ಇವತ್ತು ಪಾಠದಲ್ಲಿ ಹೇಳುವ ಒಂದು ದೊಡ್ಡ ಮಾತು ಮೀನಿನಿಂದಲೇ ಬಂದದ್ದು. 1960ರ ದಶಕದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಬರ್ನಾರ್ಡ್ ಅಗ್ರನಾಫ್ ಅನ್ನುವವರು ಗೋಲ್ಡ್ ಫಿಶ್‌ಗೆ ಪಾಠ ಕಲಿಸಿದರು. ದೀಪ ಹತ್ತುತ್ತದೆ. ಕೆಲವು ಸೆಕೆಂಡಿನೊಳಗೆ ತಡೆ ದಾಟಿ ಇನ್ನೊಂದು ಕಡೆಗೆ ಹೋಗದಿದ್ದರೆ ಶಾಕ್. ಕೆಲವೇ ಸುತ್ತಿನಲ್ಲಿ ಮೀನು ಕಲಿತುಬಿಡುತ್ತಿತ್ತು, ದಿನಗಳ ನಂತರವೂ ನೆನಪಿರುತ್ತಿತ್ತು.

ಮುಂದಿನದು ಇನ್ನೂ ಚೆನ್ನ. ಪಾಠ ಮುಗಿದ ಕೂಡಲೇ ಪ್ಯೂರೊಮೈಸಿನ್ ಔಷಧವನ್ನು ಮೀನಿನ ತಲೆಬುರುಡೆಯೊಳಗೆ ಕೊಟ್ಟರೆ ಕೆಲವು ದಿನಗಳಲ್ಲಿ ಪಾಠ ಮರೆತುಹೋಗುತ್ತಿತ್ತು. ಒಂದು ಗಂಟೆ ಬಿಟ್ಟು ಕೊಟ್ಟರೆ ಮರೆಯುತ್ತಿರಲಿಲ್ಲ. ಆ ಔಷಧ ಹೊಸ ಪ್ರೋಟೀನ್ ತಯಾರಾಗುವುದನ್ನು ತಡೆಯುತ್ತದೆ. ಅಂದರೆ ನೆನಪು ಗಟ್ಟಿಯಾಗಲು ಹೊಸ ಪ್ರೋಟೀನ್ ಬೇಕು, ಅದೂ ಪಾಠದ ಹಿಂದೆಯೇ ಬೇಕು. ಮೀನಿಗೆ ನೆನಪೇ ಇಲ್ಲದಿದ್ದರೆ ಈ ವಿಷಯ ಅದರಿಂದ ತಿಳಿಯುತ್ತಿತ್ತೇ?

ಹನುಮಂತನಗರ

ಗೊತ್ತಿರಲಿಲ್ಲ ಮೇಷ್ಟ್ರೇ. ಧನ್ಯವಾದ.

ಬಳ್ಳಾರಿ ರಸ್ತೆ

ಪಟ್ಟೆಮೀನು ಅವರೇ, ನಾನು ಪಿಎಚ್‌ಡಿ ಮಾಡುತ್ತಿದ್ದೇನೆ, ಇದೇ ಮೀನಿನ ಮೇಲೆ. ನಿಮ್ಮ ಗೈಡ್ ಮಾತನ್ನು ಒಪ್ಪಬೇಡಿ, ಹಾಗಂತ ಕಲಿಕೆ ಅಂತಲೂ ಬರೆಯಬೇಡಿ. ಸದ್ಯಕ್ಕೆ ನಿಮ್ಮ ಹತ್ತಿರ ಎರಡಕ್ಕೂ ಸಾಕ್ಷಿ ಇಲ್ಲ.

ಕಲಿಕೆ ಅನ್ನಬೇಕಾದರೆ ಶಾಕ್ ಗುಂಪಿಗೂ ಬರೀ ಗುಂಪಿಗೂ (ಶಾಕ್ ಕೊಡದೆ ಬಿಟ್ಟು ತೆಗೆದ ಮೀನುಗಳಿಗೂ) ವ್ಯತ್ಯಾಸ ಇರಬೇಕು. ಇದೇ ಬಿಳಿ-ಕಪ್ಪು ತೊಟ್ಟಿಯ ವಿಧಾನವನ್ನು ಬ್ರೆಜಿಲ್‌ನವರು 2009ರಲ್ಲಿ ಜೀಬ್ರಾ ಮೀನಿಗೆ ಅಂತ ಪ್ರಕಟಿಸಿದರು. ಅಲ್ಲಿ ಶಾಕ್ ಕಂಡ ಮೀನು ಮರುದಿನ ತಡ ಮಾಡಿತು. ಎಂಕೆ-801 ಅನ್ನುವ, ನೆನಪು ಕೂರುವುದಕ್ಕೆ ಅಡ್ಡಿ ಮಾಡುವ ಔಷಧ ಕೊಟ್ಟ ಮೀನು ತಡ ಮಾಡಲಿಲ್ಲ. ಹಾಗಾಗಿ ಅದು ನೆನಪು ಅನ್ನುವುದಕ್ಕೆ ಬಲ ಬಂತು.

ನಿಮ್ಮ ಬರೀ ಗುಂಪು ದಾಟುತ್ತಿಲ್ಲ ಅಂದರೆ ಅದು ಬೇರೆ ಏನಕ್ಕೋ ಹೆದರಿದೆ. ಕೆಲವು ಪ್ರಶ್ನೆ. ಆ ಮೀನು ಬಿಳಿ ಕಡೆ ಏನು ಮಾಡುತ್ತಿರುತ್ತದೆ? ಆರಾಮಾಗಿ ಈಜುತ್ತಾ, ಅಥವಾ ತಳದಲ್ಲಿ ಅಂಟಿಕೊಂಡು ಕಲ್ಲಿನ ಹಾಗೆ ನಿಲ್ಲುತ್ತಾ? ಹಿಡಿಯುವುದು ಹೇಗೆ? ಒಂದು ಮೀನಾದ ಮೇಲೆ ಇನ್ನೊಂದಕ್ಕೆ ನೀರು ಬದಲಿಸುತ್ತೀರಾ? ಪರೀಕ್ಷೆಗೆ ಮುಂಚೆ ಒಂಟಿಯಾಗಿ ಎಷ್ಟು ಹೊತ್ತು ಇಡುತ್ತೀರಿ? ಇವು ಗುಂಪಿನ ಮೀನು, ಒಂಟಿತನವೇ ಒಂದು ಒತ್ತಡ.

ಪಟ್ಟೆಮೀನು

ತಳದಲ್ಲೇ ನಿಲ್ಲುತ್ತದೆ. ಕಿವಿರು ಮಾತ್ರ ಜೋರಾಗಿ ಆಡುತ್ತಿರುತ್ತದೆ. ಮಧ್ಯೆ ಮಧ್ಯೆ ಇದ್ದಕ್ಕಿದ್ದ ಹಾಗೆ ಅಡ್ಡಾದಿಡ್ಡಿ ಓಡುತ್ತದೆ. ಹಿಡಿಯುವುದು ಬಲೆಯಲ್ಲಿ. ನೀರು ಬೆಳಿಗ್ಗೆ ಒಂದು ಸಲ ತುಂಬಿಸಿದರೆ ಸಂಜೆವರೆಗೂ ಅದೇ. ಟ್ಯಾಂಕರ್ ನೀರು ಇಳಿಸಿಟ್ಟು ಬಳಸುವುದರಿಂದ ಪ್ರತಿ ಮೀನಿಗೂ ಬದಲಿಸಲು ಸಾಕಾಗುವುದಿಲ್ಲ. ಇನ್ನೊಂದು ಹೇಳಬೇಕು. ಮೊದಲನೇ ದಿನ ಒಂದು ಮೀನು ಬಲೆಯ ಅಂಚಿಗೆ ಸಿಕ್ಕಿ ಮೈ ಸ್ವಲ್ಪ ಕೆರೆದುಹೋಯಿತು. ನನಗೆ ಬೇಜಾರಾಯಿತು, ಆದರೆ ಪ್ರಯೋಗ ನಿಲ್ಲಿಸಲಿಲ್ಲ.

ಬಳ್ಳಾರಿ ರಸ್ತೆ

ಸಿಕ್ಕಿತು ನೋಡಿ! ಆ ಕೆರೆದುಹೋದ ಮೀನು.

ಕಾರ್ಲ್ ಫಾನ್ ಫ್ರಿಶ್ ಗೊತ್ತಲ್ಲ, ಜೇನುಹುಳುಗಳ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಪಡೆದವರು. ಅವರೇ 1938ರಲ್ಲಿ ಬರೆದಿದ್ದಾರೆ: ಮಿನ್ನೊ ಅನ್ನುವ ಸಣ್ಣ ಮೀನಿನ ಚರ್ಮಕ್ಕೆ ಗಾಯವಾದರೆ ನೀರಿಗೆ ಏನೋ ವಸ್ತು ಸೇರುತ್ತದೆ, ಅದರ ವಾಸನೆಗೆ ಉಳಿದ ಮೀನುಗಳು ಬೆದರಿ ಓಡುತ್ತವೆ. ಜೀಬ್ರಾ ಮೀನು ಅದೇ ಬಳಗದ್ದು. ಇದರ ಚರ್ಮದಲ್ಲೂ ಅಂಥ ಕೋಶಗಳಿವೆ. ಚರ್ಮ ಹರಿದರೆ ಮಾತ್ರ ಒಳಗಿನದು ಹೊರಗೆ ಬರುತ್ತದೆ. ಬೇಟೆಗಾರ ಯಾರನ್ನೋ ಹಿಡಿದ ಅನ್ನುವ ಸುದ್ದಿ ಅದು. ಆ ವಾಸನೆ ಸಿಕ್ಕ ಜೀಬ್ರಾ ಮಾಡುವುದು ನೀವು ಹೇಳಿದ್ದನ್ನೇ. ಮೊದಲು ಅಡ್ಡಾದಿಡ್ಡಿ ಓಟ, ಆಮೇಲೆ ತಳದಲ್ಲಿ ಗರ ಬಡಿದ ಹಾಗೆ ನಿಲ್ಲುವುದು.

ನಿಮ್ಮ ತೊಟ್ಟಿಯ ನೀರಿನಲ್ಲಿ ಇಡೀ ದಿನ ಆ ಸುದ್ದಿ ಇತ್ತು.

ಸೌಂಡ್ ಎಂಜಿನಿಯರ್

ಅಷ್ಟು ಬೇಗ ತೀರ್ಮಾನ ಬೇಡ. ಕೆರೆದದ್ದು ಮೊದಲನೇ ದಿನ, ಬರೀ ಗುಂಪು ದಾಟದೆ ಹೋದದ್ದು ಎರಡನೇ ದಿನ. ಎರಡನೇ ದಿನ ಬೆಳಿಗ್ಗೆ ಹೊಸ ನೀರು ತುಂಬಿಸಿದ್ದಾರೆ ತಾನೇ? ನಿಮ್ಮ ಲ್ಯಾಬ್ ಅಕ್ಕಪಕ್ಕ ಏನಾದರೂ ಕೆಲಸ ನಡೆಯುತ್ತಿದೆಯಾ ತಂಗಿ? ಬೆಂಗಳೂರಿನಲ್ಲಿ ಅಗೆಯದ ರಸ್ತೆ ಇಲ್ಲ.

ಪಟ್ಟೆಮೀನು

ಹೌದು ಅಣ್ಣ! ಹಿಂದಿನ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದರು. ಎರಡನೇ ದಿನ ಬೆಳಿಗ್ಗೆಯಿಂದ ಶುರು ಮಾಡಿದರು. ಟೇಬಲ್ ಮೇಲಿನ ಲೋಟ ಅಲ್ಲಾಡುತ್ತಿತ್ತು. ಮೀನು ನೀರಿನಲ್ಲಿದೆಯಲ್ಲ, ಅದಕ್ಕೆ ಏನೂ ಆಗುವುದಿಲ್ಲ ಅಂದುಕೊಂಡಿದ್ದೆ.

ಸೌಂಡ್ ಎಂಜಿನಿಯರ್

ಉಲ್ಟಾ. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ವೇಗದಲ್ಲಿ ಹೋಗುತ್ತದೆ. ಮೀನಿಗೆ ಒಳಕಿವಿ ಇದೆ. ಅದರ ಜೊತೆಗೆ ಮೈಯ ಎರಡೂ ಪಕ್ಕಕ್ಕೆ ತಲೆಯಿಂದ ಬಾಲದವರೆಗೆ ನೀರಿನ ಅಲುಗಾಟ ತಿಳಿಯುವ ಸಾಲು ಇದೆ. ಟೇಬಲ್ ನಡುಗಿದರೆ ತೊಟ್ಟಿ ನಡುಗುತ್ತದೆ, ತೊಟ್ಟಿ ನಡುಗಿದರೆ ಮೀನಿನ ಇಡೀ ಮೈಗೆ ಗೊತ್ತಾಗುತ್ತದೆ.

ಬಳ್ಳಾರಿ ರಸ್ತೆ

ಬೋರ್‌ವೆಲ್ ಸಾಧ್ಯತೆ ಒಪ್ಪುತ್ತೇನೆ. ಆದರೆ ವಾಸನೆಯನ್ನು ಬಿಡಲಾಗದು. ಮೊದಲ ದಿನ ಆ ನೀರಿನಲ್ಲಿದ್ದ ಮೀನಿಗೆ ಶಾಕ್ ಇಲ್ಲದಿದ್ದರೂ ಆ ತೊಟ್ಟಿಯೇ ಅಪಾಯದ ಜಾಗ ಅಂತ ಮನಸ್ಸಿನಲ್ಲಿ ಕೂತಿರಬಹುದು. ಅದೂ ಕಲಿಕೆಯೇ, ನೀವು ಕಲಿಸಬೇಕೆಂದಿದ್ದ ಪಾಠ ಅಲ್ಲ ಅಷ್ಟೇ.

ಜಯನಗರ 4ನೇ ಬ್ಲಾಕ್

ನನಗೆ ಇದೆಲ್ಲ ಓದಿ ಸಂಕಟವಾಗುತ್ತಿದೆ. ಒಂದು ಚಿಕ್ಕ ಮೀನಿಗೆ ಕರೆಂಟ್ ಕೊಟ್ಟು ಅದು ಹೆದರುತ್ತದಾ ಅಂತ ನೋಡಬೇಕಾ? ಅದಕ್ಕೆ ನೋವಾಗುವುದಿಲ್ಲವಾ?

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು

ನೋವಾಗುತ್ತದೆ ಅನ್ನುವ ಕಡೆಗೇ ಸಾಕ್ಷಿ ಇದೆಯಮ್ಮ. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡ್ಡನ್ ತಂಡ ಟ್ರೌಟ್ ಮೀನಿನ ತುಟಿಗೆ ಹುಳಿಯಾದ ಅಸಿಟಿಕ್ ಆಮ್ಲ ಚುಚ್ಚಿ ನೋಡಿದರು. ಮೀನು ತುಟಿಯನ್ನು ತಳದ ಕಲ್ಲಿಗೆ ಉಜ್ಜಿಕೊಂಡಿತು, ಉಸಿರಾಟ ಜೋರಾಯಿತು, ಊಟ ಬಿಟ್ಟಿತು. ಮಾರ್ಫಿನ್ ಕೊಟ್ಟರೆ ಉಜ್ಜುವುದು ಕಡಿಮೆಯಾಯಿತು. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿ ಅಂದರೆ ಮನುಷ್ಯನನ್ನು ಬಿಟ್ಟು ಎಲ್ಲ ಜೀವಿ. ಮೀನೂ ಸೇರಿತು.

ಅದಕ್ಕೇ ನಾನು ಹೇಳುವುದು, ತೊಂದರೆ ಕೊಟ್ಟು ಮಾಡುವ ಪ್ರಯೋಗವನ್ನು ಅಜಾಗರೂಕತೆಯಿಂದ ಮಾಡಿದರೆ ಅದು ಎರಡು ಸಲ ತಪ್ಪು. ಮೀನಿಗೂ ನೋವು, ಉತ್ತರವೂ ಸಿಗಲಿಲ್ಲ.

ಪಟ್ಟೆಮೀನು

ಅಕ್ಕ, ಪ್ರಾಣಿ ಪ್ರಯೋಗಗಳನ್ನು ನೋಡಿಕೊಳ್ಳುವ ಸಮಿತಿಯ ಅನುಮತಿ ಪಡೆದೇ ಮಾಡುತ್ತಿದ್ದೇವೆ. ಎಷ್ಟು ಮೀನು, ಎಷ್ಟು ಶಾಕ್, ಎಲ್ಲವೂ ಬರೆದುಕೊಟ್ಟಿದ್ದೇವೆ. ಆದರೆ ನಿಮ್ಮ ಮಾತು ತಟ್ಟಿತು. ಹಾಳಾದ ದಿನದ ಮೀನುಗಳು ಲೆಕ್ಕಕ್ಕೇ ಬರಲಿಲ್ಲ ಅಂದರೆ ಅವು ಸುಮ್ನೆ ಶಾಕ್ ತಿಂದ ಹಾಗಾಯಿತು. ಅದಕ್ಕೇ ಮುಂದಿನದು ಸರಿಯಾಗಿ ಮಾಡಬೇಕು ಅಂತ ಇಷ್ಟು ಕೇಳುತ್ತಿದ್ದೇನೆ.

ವಾರ್ಡ್ ನಂಬರ್ 6

ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ ನರ್ಸ್. ಮೂಲ ಪ್ರಶ್ನೆಗೆ ಬರುತ್ತೇನೆ, ಭಯ ಮತ್ತು ಆತಂಕ.

ಹಾವು ಎದುರಿಗಿದ್ದಾಗ ಬರುವುದು ಭಯ. ಹಾವು ಇರಬಹುದೇನೋ ಅಂತ ಹುಲ್ಲಿಗೆ ಕಾಲಿಡದಿರುವುದು ಆತಂಕ. ಮೀನಿನಲ್ಲಿ ಈ ಎರಡನೆಯದನ್ನು ಅಳೆಯಲು ಹೊಸ ತೊಟ್ಟಿ ಪರೀಕ್ಷೆ ಇದೆ ಅಂತ ಓದಿದ್ದೇನೆ. ಹೊಸ ತೊಟ್ಟಿಗೆ ಬಿಟ್ಟಾಗ ಜೀಬ್ರಾ ಮೊದಲು ತಳಕ್ಕೆ ಹೋಗುತ್ತದೆ, ನಿಮಿಷಗಳು ಕಳೆದ ಹಾಗೆ ನಿಧಾನಕ್ಕೆ ಮೇಲೆ ಬರುತ್ತದೆ. ಅಲ್ಲಿ ಶಾಕ್ ಇಲ್ಲ, ಬೇಟೆಗಾರ ಇಲ್ಲ, ಬರೀ ಗೊತ್ತಿಲ್ಲದ ಜಾಗ. ನಾವು ರೋಗಿಗಳಿಗೆ ಕೊಡುವ ಬುಸ್ಪಿರೋನ್‌ನಂಥ ಆತಂಕದ ಮಾತ್ರೆಯ ಅಂಶ ನೀರಿಗೆ ಹಾಕಿದರೆ ಮೀನು ಬೇಗ ಮೇಲೆ ಬರುತ್ತದೆ. ಖಿನ್ನತೆಗೆ ಕೊಡುವ ಫ್ಲುಯೋಕ್ಸೆಟಿನ್ ಆದರೆ ಹಲವು ದಿನ ಕೊಡಬೇಕು, ಮನುಷ್ಯರಲ್ಲೂ ಅದು ಹಿಡಿಯಲು ವಾರಗಳೇ ಬೇಕು. ಕಾಫಿಯ ಕೆಫೀನ್ ಹಾಕಿದರೆ ಇನ್ನೂ ಹೆಚ್ಚು ತಳ ಹಿಡಿಯುತ್ತದೆ. ಒತ್ತಡದಲ್ಲಿ ಮೀನಿನ ಮೈಯಲ್ಲಿ ಮುಖ್ಯವಾಗಿ ಏರುವ ಹಾರ್ಮೋನ್ ಕಾರ್ಟಿಸಾಲ್, ನಮ್ಮದೂ ಅದೇ. ಇಲಿಯಲ್ಲಿ ಅದು ಬೇರೆ, ಕಾರ್ಟಿಕೊಸ್ಟೆರಾನ್.

ಇಷ್ಟೆಲ್ಲ ಹೋಲಿಕೆ ಇದ್ದರೂ ಮೀನು "ನನಗೆ ಕಳವಳ ಆಗುತ್ತಿದೆ" ಅಂತ ಹೇಳಲಾರದು. ಅದಕ್ಕೇ "ಆತಂಕದಂಥ ನಡವಳಿಕೆ" ಅಂತ ಬರೆಯಿರಿ. ಆ "ಅಂಥ" ಬಿಡಬೇಡಿ.

ಕೋಡ್ ಬರೆಯುವವನು

ಜೀಬ್ರಾ ಕತ್ತಲೆ ಇಷ್ಟಪಡುತ್ತದೆ ಅಂದಿರಿ, ಆದರೆ ನಾನು ನೋಡಿದ ವಿಡಿಯೋದಲ್ಲಿ ಮೀನುಗಳೆಲ್ಲ ಬೆಳಕಿನ ಕಡೆ ಇದ್ದವು.

ಬಳ್ಳಾರಿ ರಸ್ತೆ

ಅವು ಮರಿಗಳಿರಬೇಕು. ಕೆಲವು ದಿನದ ಮರಿಗೆ ಬೆಳಕು ಇಷ್ಟ. ಬೆಳೆದ ಮೇಲೆ ತಿರುಗುತ್ತದೆ.

ಮರಿಗಳ ಮಾತು ಬಂತು, ಇನ್ನೊಂದು ಹೇಳಲೇಬೇಕು. ಮರಿ ಗಾಜಿನ ಹಾಗೆ ಪಾರದರ್ಶಕ. ಜೀವಂತ ಇರುವಾಗಲೇ ಮೆದುಳಿನ ಯಾವ ನರಕೋಶ ಕೆಲಸ ಮಾಡುತ್ತಿದೆ ಅಂತ ಸೂಕ್ಷ್ಮದರ್ಶಕದಲ್ಲಿ ಮಿನುಗುವುದನ್ನು ನೋಡಬಹುದು. ನಮ್ಮ ಊರಿನಲ್ಲೇ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಆವರಣದ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಈ ಮರಿಗಳಿಂದ ಮೆದುಳು ಈಜನ್ನು ಹೇಗೆ ನಡೆಸುತ್ತದೆ ಅಂತ ಹುಡುಕುತ್ತಿದ್ದಾರೆ. ಮೆದುಳಿನ ಮೇಲ್ಭಾಗದಲ್ಲಿ ಹಬೆನುಲಾ ಅಂತ ಒಂದು ಚಿಕ್ಕ ಜೋಡಿ ಗಂಟು ಇದೆ, ನಮಗೂ ಇದೆ. 2010ರಲ್ಲಿ ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆಯವರೂ ಸಿಂಗಾಪುರದವರೂ ಬೇರೆ ಬೇರೆಯಾಗಿ ತೋರಿಸಿದರು: ಹಬೆನುಲಾದ ದಾರಿ ಕೆಟ್ಟರೆ ಮೀನು ಪೆಟ್ಟಿನಿಂದ ತಪ್ಪಿಸಿಕೊಳ್ಳಲು ಕಲಿಯದೆ ಇದ್ದಲ್ಲೇ ಸೋತು ನಿಲ್ಲುತ್ತದೆ. ಹಾಗಾಗಿ ಮೀನು ಅಲ್ಲಾಡದೆ ನಿಂತರೆ ಅದು ಪಾಠ ಕಲಿತು ನಿಂತದ್ದಾ, ಕಲಿಯಲಾಗದೆ ನಿಂತದ್ದಾ ಅಂತ ಗಡಿಯಾರ ಒಂದರಿಂದಲೇ ಗೊತ್ತಾಗುವುದಿಲ್ಲ. ಪಟ್ಟೆಮೀನು ಅವರೇ, ದಾಟುವ ಸಮಯದ ಜೊತೆಗೆ ಎಷ್ಟು ಹೊತ್ತು ನಿಶ್ಚಲವಾಗಿತ್ತು, ಎಷ್ಟು ದೂರ ಈಜಿತು, ಮೇಲೆ ಎಷ್ಟು ಸಲ ಬಂತು, ಇವನ್ನೂ ಬರೆದುಕೊಳ್ಳಿ.

ಕೋಡ್ ಬರೆಯುವವನು

ಮೊಬೈಲಿನಲ್ಲಿ ಪಕ್ಕದಿಂದ ವಿಡಿಯೋ ತೆಗೆದು ಕಳಿಸಿದರೆ ಈಜಿದ ದೂರ ಲೆಕ್ಕ ಹಾಕಿಕೊಡುತ್ತೇನೆ. ದುಡ್ಡು ಬೇಡ.

7ನೇ ಮಹಡಿ

ನಾನು ಇಲ್ಲಿ ಬರೆಯುವುದು ಕಡಿಮೆ. ಇವತ್ತು ಬರೆಯಬೇಕು ಅನ್ನಿಸಿತು.

ಮೂರು ವರ್ಷದ ಹಿಂದೆ ನಮ್ಮ ಅಪಾರ್ಟ್‌ಮೆಂಟ್ ಲಿಫ್ಟಿನಲ್ಲಿ ಕರೆಂಟ್ ಹೋಗಿ 40 ನಿಮಿಷ ಒಬ್ಬಳೇ ಸಿಕ್ಕಿಕೊಂಡಿದ್ದೆ. ಅವತ್ತಿನಿಂದ ಮೆಟ್ಟಿಲು. ತರಕಾರಿ ಚೀಲ ಹಿಡಿದು 7 ಮಹಡಿ. ಮಂಡಿ ನೋವು ಬಂದರೂ ಮೆಟ್ಟಿಲೇ. ಪ್ರತಿ ಸಲ ಮೆಟ್ಟಿಲು ಹತ್ತಿ ಮನೆ ಸೇರಿದಾಗ "ಸದ್ಯ, ಪಾರಾದೆ" ಅನ್ನಿಸುತ್ತಿತ್ತು. ಈ ಮೀನಿನ ಕಥೆ ಓದುವಾಗ ಹೊಳೆಯಿತು. ಎರಡನೇ ದಿನ ಶಾಕ್ ಇಲ್ಲ ಅಂತ ಪಟ್ಟೆಮೀನು ಬರೆದಿದ್ದಾರೆ. ಆದರೆ ದಾಟದೇ ನಿಂತ ಮೀನಿಗೆ ಅದು ಗೊತ್ತಾಗುವುದು ಹೇಗೆ?

ವಾರ್ಡ್ ನಂಬರ್ 6

ಅಕ್ಕ, ನೀವು ಹೇಳಿದ್ದೇ ಈ ಇಡೀ ವಿಷಯದ ತಿರುಳು. ಮೌರರ್ ಅನ್ನುವ ಮನಶ್ಶಾಸ್ತ್ರಜ್ಞರು 1947ರಲ್ಲಿ ಇದನ್ನು ಎರಡು ಮೆಟ್ಟಿಲಾಗಿ ಬಿಡಿಸಿಟ್ಟರು. ಮೊದಲು ಒಂದು ಜಾಗಕ್ಕೋ ದೀಪಕ್ಕೋ ಹೆದರಲು ಕಲಿಯುತ್ತೇವೆ. ಆಮೇಲೆ ಅಲ್ಲಿಂದ ತಪ್ಪಿಸಿಕೊಂಡಾಗ ಹೆದರಿಕೆ ಇಳಿಯುತ್ತದೆ. ಆ ಹಗುರವೇ ಬಹುಮಾನ. ಬಹುಮಾನ ಸಿಕ್ಕಿದ್ದಕ್ಕೆ ಮತ್ತೆ ತಪ್ಪಿಸಿಕೊಳ್ಳುತ್ತೇವೆ. ನಿಮ್ಮ "ಸದ್ಯ, ಪಾರಾದೆ" ಅದೇ. ಲಿಫ್ಟ್ ಈಗ ಸರಿಯಾಗಿದೆ ಅಂತ ತಿಳಿಯುವ ಅವಕಾಶವೇ ಬರುವುದಿಲ್ಲ.

ಚಿಕಿತ್ಸೆಯಲ್ಲಿ ಮಾಡುವುದು ಇಷ್ಟೇ. ಸ್ವಲ್ಪ ಸ್ವಲ್ಪವಾಗಿ ಎದುರಿಸುವುದು. ಮೊದಲು ಬಾಗಿಲು ತೆರೆದ ಲಿಫ್ಟಿನಲ್ಲಿ ಯಾರಾದರೂ ಜೊತೆಗಿದ್ದು ನಿಲ್ಲುವುದು. ಆಮೇಲೆ ಒಂದು ಮಹಡಿ. ಹೆದರಿಕೆ ತಾನಾಗಿ ಇಳಿಯುವವರೆಗೆ ಅಲ್ಲೇ ಇರುವುದು. ನೀವೊಬ್ಬರೇ ಪ್ರಯತ್ನಿಸಿ ಕಷ್ಟಪಡಬೇಡಿ, ಸಲಹೆಗಾರರನ್ನು ಕಾಣಿ. ನಿಜವಾಗಿಯೂ ವಾಸಿಯಾಗುತ್ತದೆ.

7ನೇ ಮಹಡಿ

ತುಂಬಾ ಧನ್ಯವಾದ. ಮಗಳ ಹತ್ತಿರ ಇವತ್ತೇ ಮಾತಾಡುತ್ತೇನೆ.

ಹೆಬ್ಬಾಳ ಕೆರೆ

ಸ್ವಲ್ಪ ಬೇರೆ ವಿಷಯ. 2013ರಲ್ಲಿ ಸ್ವೀಡನ್‌ನವರು ಒಂದು ಪರೀಕ್ಷೆ ಮಾಡಿದ್ದರು. ಆಕ್ಸಜೆಪಾಮ್ ಅನ್ನುವ ಆತಂಕದ ಮಾತ್ರೆ ಜನರ ಮೂತ್ರದಿಂದ ಮೋರಿ ಸೇರಿ, ಮೋರಿಯಿಂದ ಹೊಳೆ ಸೇರುತ್ತದೆ. ಹೊಳೆಯಲ್ಲಿ ಸಿಗುವಷ್ಟೇ ಪ್ರಮಾಣವನ್ನು ಪರ್ಚ್ ಮೀನಿಗೆ ಕೊಟ್ಟು ನೋಡಿದರೆ ಅವು ಧೈರ್ಯ ಜಾಸ್ತಿಯಾಗಿ ಗುಂಪು ಬಿಟ್ಟು ಓಡಾಡಿದವು, ಬೇಗ ಬೇಗ ತಿಂದವು. ನಮ್ಮ ಕೆರೆಗಳಿಗೆ ಹರಿಯುವ ನೀರು ನೋಡುವಾಗಲೆಲ್ಲ ಇದು ನೆನಪಾಗುತ್ತದೆ. ಹೆದರಬೇಕಾದ ಕಡೆ ಹೆದರದ ಮೀನು ಬೇಗ ಇನ್ನೊಬ್ಬರ ಬಾಯಿಗೆ ಹೋಗುತ್ತದೆ.

ತೊಟ್ಟಿ ಮುಂದೆ ಕೂತವನು

ನನ್ನದೂ ಒಂದು ಮಾತು. ಜೀಬ್ರಾ ನಮ್ಮ ಕಡೆಯದೇ ಮೀನು. ಭಾರತ, ಬಾಂಗ್ಲಾ, ನೇಪಾಳದ ನಿಧಾನ ಹೊಳೆ, ಗದ್ದೆ ಕಾಲುವೆಗಳಲ್ಲಿ ಇದೆ. 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಗಂಗೆಯ ಮೀನುಗಳ ಪುಸ್ತಕದಲ್ಲಿ ಇದನ್ನು ಬರೆದಿಟ್ಟ. ಅಮೆರಿಕದ ಆರೆಗನ್‌ನಲ್ಲಿ ಜಾರ್ಜ್ ಸ್ಟ್ರೈಸಿಂಗರ್ 1981ರಲ್ಲಿ ಒಂದೇ ತಾಯಿಯ ತದ್ರೂಪು ಮೀನುಗಳನ್ನು ಬೆಳೆಸಿ ತೋರಿಸಿದ ಮೇಲೆ ಪ್ರಪಂಚದ ಲ್ಯಾಬುಗಳಿಗೆಲ್ಲ ಹೋಯಿತು. ಪಟ್ಟೆಮೀನು, ನಿನ್ನ ಮೀನು ಎಲ್ಲಿಂದ ತಂದದ್ದು? ರಸೆಲ್ ಮಾರ್ಕೆಟ್ ಕಡೆಯಿಂದಾ?

ಪಟ್ಟೆಮೀನು

ಎರಡು ಬೇರೆ ಅಂಗಡಿಯಿಂದ ಸರ್. ಒಂದೇ ಕಡೆ ಅಷ್ಟು ಸಿಗಲಿಲ್ಲ.

ಬಳ್ಳಾರಿ ರಸ್ತೆ

ಅಯ್ಯೋ, ಹಾಗಾದರೆ ಎರಡೂ ಅಂಗಡಿಯ ಮೀನು ಎರಡೂ ಗುಂಪಿನಲ್ಲಿ ಸಮನಾಗಿ ಇರಬೇಕು. ತಳಿ ತಳಿಗೆ ಧೈರ್ಯ ಬೇರೆ. ತಲೆಮಾರುಗಳಿಂದ ಸಾಕಿದ ಮೀನು ನೀರಿನ ಮೇಲ್ಭಾಗದಲ್ಲಿ ಜಾಸ್ತಿ ಇರುತ್ತದೆ, ಹೊಳೆ, ಕಾಲುವೆಯಿಂದ ಹಿಡಿದದ್ದು ಜಾಸ್ತಿ ಬೆಚ್ಚುತ್ತದೆ.

ಪಟ್ಟೆಮೀನು (10 ದಿನದ ನಂತರ)

ಎಲ್ಲರಿಗೂ ಹೇಳಲೇಬೇಕು. ಮತ್ತೆ ಮಾಡಿದೆ. ಬಲೆ ಬಿಟ್ಟು ಅಗಲ ಬಾಯಿಯ ಲೋಟದಲ್ಲಿ ನೀರಿನ ಸಮೇತ ಎತ್ತಿದೆ. ಪ್ರತಿ ಮೀನಿಗೂ ನೀರು ಬದಲಿಸಿದೆ, ಅದಕ್ಕೆ ಮನೆಯಿಂದಲೂ ಡ್ರಮ್ಮಿನಲ್ಲಿ ನೀರು ಇಳಿಸಿಟ್ಟು ತಂದೆ. ತೊಟ್ಟಿ ಕೆಳಗೆ ದಪ್ಪ ಫೋಮ್ ಹಾಕಿದೆ. ಬೋರ್‌ವೆಲ್ ಮುಗಿದಿದೆ, ಆದರೂ ಶನಿವಾರ-ಭಾನುವಾರ ಬೆಳಿಗ್ಗೆ ಮಾಡಿದೆ. ಎರಡೂ ಅಂಗಡಿಯ ಮೀನನ್ನು ಅರ್ಧರ್ಧ ಹಂಚಿದೆ.

ಬರೀ ಗುಂಪು ಎರಡನೇ ದಿನವೂ ಬೇಗ ದಾಟಿತು! ಶಾಕ್ ಗುಂಪು ಬಾಗಿಲಿನವರೆಗೆ ಬರುತ್ತದೆ, ಮೂತಿ ಒಳಗಿಡುತ್ತದೆ, ಹಿಂದೆ ತಿರುಗುತ್ತದೆ. ಕಲ್ಲಿನ ಹಾಗೆ ನಿಲ್ಲುತ್ತಿಲ್ಲ, ಈಜುತ್ತಲೇ ಇದೆ. ದೂರದ ಲೆಕ್ಕ ನೋಡಿದರೆ ಎರಡೂ ಗುಂಪು ಹತ್ತಿರ ಹತ್ತಿರ. ನೋಡುವಾಗ ಕಣ್ಣಲ್ಲಿ ನೀರು ಬಂತು.

ಬಳ್ಳಾರಿ ರಸ್ತೆ

ಬಾಗಿಲಿನವರೆಗೆ ಬಂದು ತಿರುಗುವುದು! ಅದನ್ನು ಖಂಡಿತ ಬರೆಯಿರಿ, ಎಷ್ಟು ಸಲ ಅಂತ ಎಣಿಸಿ. ಈಗ ನಿಮ್ಮ ಶೀರ್ಷಿಕೆ ಹಾಗೇ ಇರಲಿ.

ಸೌಂಡ್ ಎಂಜಿನಿಯರ್

ತುಂಬಾ ಸಂತೋಷ ತಂಗಿ. ಆದರೆ ನೀರು, ಬಲೆ, ಶಬ್ದ ಮೂರನ್ನೂ ಒಟ್ಟಿಗೆ ಬದಲಿಸಿದ್ದೀಯ. ಮೊದಲ ಸಲ ಕೆಟ್ಟದ್ದು ಯಾವುದರಿಂದ ಅಂತ ಈಗ ಹೇಳಲಾಗದು. ನಾನು ಬೋರ್‌ವೆಲ್ ಅಂದೆ, ಅವರು ವಾಸನೆ ಅಂದರು, ಇಬ್ಬರೂ ಗೆದ್ದಿಲ್ಲ.

ಪಟ್ಟೆಮೀನು

ಗೊತ್ತು ಅಣ್ಣ. ರಿಪೋರ್ಟಿನಲ್ಲಿ ಹಾಗೇ ಬರೆದಿದ್ದೇನೆ. ಹಳೆಯ ದಿನಗಳ ಅಂಕಿಯನ್ನೂ ತೆಗೆದಿಲ್ಲ, ಪಕ್ಕದಲ್ಲಿ ಕಾರಣ ಸಮೇತ ಇಟ್ಟಿದ್ದೇನೆ. ರಿಪೋರ್ಟ್ ಕೊಡಲು ಇನ್ನೂ ಕೆಲವು ದಿನ ಇದೆ. ಶಾಕ್ ಕಂಡ ಮೀನುಗಳನ್ನು ಕಪ್ಪು ಕಡೆಯಲ್ಲೇ ಶಾಕ್ ಇಲ್ಲದೆ ಸ್ವಲ್ಪ ಹೊತ್ತು ಬಿಡುತ್ತೇನೆ, ದಿನಕ್ಕೊಂದು ಸಲ. ಆಮೇಲೆ ದಾಟುತ್ತವಾ ನೋಡಬೇಕು. 7ನೇ ಮಹಡಿ ಆಂಟಿ ಕೇಳಿದ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಇದಕ್ಕೆ ಬೇರೆ ಅನುಮತಿ ಬೇಕಾ ಅಂತ ಸಮಿತಿಯವರನ್ನು ನಾಳೆ ಬೆಳಿಗ್ಗೆಯೇ ಕೇಳುತ್ತೇನೆ.

7ನೇ ಮಹಡಿ

ಏನಾಯಿತು ಅಂತ ನನಗೂ ತಿಳಿಸು ಪುಟ್ಟಿ. ನಾನು ಮಗಳ ಜೊತೆ ಎರಡನೇ ಮಹಡಿವರೆಗೆ ಹೋಗಿ ಬಂದೆ.

ತೊಟ್ಟಿ ಮುಂದೆ ಕೂತವನು

ಮುಚ್ಚಳ ಮರೆಯಬೇಡ. ಹೊಸ ಜಾಗದಲ್ಲಿ ಜೀಬ್ರಾ ಹೊರಗೆ ಹಾರುತ್ತದೆ.